ರೈಲು ಬಂತು, ನಮ್ಮ ಮಾಲು ಎಲ್ಲಿ?



ತಾಳಗುಪ್ಪದ ರೈಲುಮಾರ್ಗವನ್ನು ಹೊನ್ನಾವರದವರೆಗೆ ಮುಂದುವರಿಸಬೇಕೆಂಬ ಠರಾವು ನಮ್ಮ ವಾರ್ಷಿಕ ಸಭೆಯಲ್ಲಿ ತಪ್ಪದೆ ಅಂಗೀಕಾರವಾಗುತ್ತದೆ. ಕಾರ್ಯದರ್ಶಿಯಾಗಿ ಅದನ್ನು ಬರೆದು ಕಳುಹಿಸುವವನು ನಾನೇ. ಆದರೆ ಈ ಬಾರಿ ಸಹಿ ಹಾಕುವಾಗ ಕೈ ತುಸು ತಡೆಯಿತು. ಇರುವ ಮಾರ್ಗಕ್ಕೆ ನಾವು ಕೊಟ್ಟ ಕೆಲಸವಾದರೂ ಏನು?

ಶಿವಮೊಗ್ಗದಿಂದ ಕುಂಸಿ, ಅರಸಾಳು, ಆನಂದಪುರ, ಸಾಗರಗಳನ್ನು ಹಾದು ಈ ಮಾರ್ಗ ತಾಳಗುಪ್ಪ ತಲುಪಿದ್ದು 1940ರಲ್ಲಿ. ನಾನು ಶಿವಮೊಗ್ಗದಲ್ಲಿ ಓದುತ್ತಿದ್ದಾಗ ಊರಿಗೆ ಬರುತ್ತಿದ್ದುದು ಈ ಮೀಟರ್ ಗೇಜ್ ಗಾಡಿಯಲ್ಲೇ. ಬರಬರುತ್ತ ರೈಲಿನ ಬದಲು ರೈಲ್‌ಬಸ್ ಓಡುವ ಸ್ಥಿತಿ ಬಂತು. ಮಾರ್ಗವೇ ಮುಚ್ಚೀತೆಂದು ಆಗ ಹೆದರಿದವರಲ್ಲಿ ನಾನೂ ಒಬ್ಬ. ಜನರ ಒತ್ತಾಯ ಫಲಿಸಿ 2011ರಲ್ಲಿ ಬ್ರಾಡ್ ಗೇಜ್ ತಾಳಗುಪ್ಪ ಮುಟ್ಟಿತು. ಈಗ ಸಾಗರದಲ್ಲಿ ಹತ್ತಿದವರು ಬೆಂಗಳೂರು, ಮೈಸೂರುಗಳಲ್ಲಿ ಇಳಿಯಬಹುದು.

ಮನುಷ್ಯರ ಮಟ್ಟಿಗೆ ಇದು ಸಂತೋಷದ ಮಾತು. ಆದರೆ ನಮ್ಮ ಅಡಿಕೆ, ಕಾಫಿ ಚೀಲಗಳು ಮಾತ್ರ ಲಾರಿಯನ್ನೇ ನೆಚ್ಚಿವೆ. ಹಿಂದೆ ಗೇಜ್ ಬೇರೆಯಾಗಿದ್ದಾಗ ಶಿವಮೊಗ್ಗದಲ್ಲಿ ಮಾಲು ಇಳಿಸಿ ಮತ್ತೆ ಏರಿಸಬೇಕೆಂಬ ನೆಪವಿತ್ತು. ಆ ನೆಪ ಈಗಿಲ್ಲ.

ಲಾರಿ ಅಂಗಳಕ್ಕೇ ಬರುತ್ತದೆ, ರೈಲು ಬರುವುದಿಲ್ಲ ಎನ್ನುವವರಿದ್ದಾರೆ. ನಿಜ. ಆದರೆ ನಮ್ಮ ಮಾಲು ಹೇಗೂ ಮೊದಲು ಸಂಘದ ಗೋದಾಮಿಗೆ ಬಂದೇ ಬರುತ್ತದೆ. ಒಣಗಿದ ಅಡಿಕೆ ಹಣ್ಣು ತರಕಾರಿಯಂತೆ ಎರಡು ದಿನಕ್ಕೆ ಕೊಳೆಯುವ ವಸ್ತುವಲ್ಲ. ಒಬ್ಬನ ಹತ್ತು ಚೀಲಕ್ಕೆ ವ್ಯಾಗನ್ ಸಿಗದಿದ್ದರೂ ನೂರು ಜನರ ಚೀಲ ಒಟ್ಟುಗೂಡಿಸಲೆಂದೇ ಅಲ್ಲವೇ ಸಹಕಾರ ಸಂಘವಿರುವುದು?

ಬಾಡಿಗೆ ಕೊಡುವವನು ಖರೀದಿದಾರ, ನಮಗೇನು ಎಂಬ ಮಾತೂ ಇದೆ. ದೂರದ ಉತ್ತರದ ಪೇಟೆಗೆ ಮಾಲು ಸಾಗಿಸುವವನು ಸಾಗಾಣಿಕೆ ವೆಚ್ಚವನ್ನು ಕಳೆದೇ ಟೆಂಡರಿನಲ್ಲಿ ದರ ಬರೆಯುತ್ತಾನೆ. ಹೊರೆ ಕೊನೆಗೆ ಬೀಳುವುದು ನಮ್ಮ ಅಂಗಳದಲ್ಲೇ.

ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಇಷ್ಟು ಠರಾವು ಬರೆದ ನಾನು ಒಂದು ದಿನವೂ ನಿಲ್ದಾಣಕ್ಕೆ ಹೋಗಿ, ಇಂತಿಷ್ಟು ಚೀಲ ಕಳುಹಿಸಲು ಏನು ಏರ್ಪಾಡು, ಎಷ್ಟು ದರವೆಂದು ವಿಚಾರಿಸಿದವನಲ್ಲ. ಬರುವ ಸುಗ್ಗಿಗೆ ಮುನ್ನ ಆ ಕೆಲಸ ಮಾಡುತ್ತೇನೆ. ತಾವು ಕಳುಹಿಸಬಹುದಾದ ಚೀಲಗಳ ಅಂದಾಜನ್ನು ಸದಸ್ಯರು ಸಂಘದ ಕಛೇರಿಗೆ ಬರೆದು ತಿಳಿಸಬೇಕು. ಲೆಕ್ಕ ಕೈಯಲ್ಲಿದ್ದರೆ ಕೇಳುವ ಮಾತಿಗೆ ತೂಕ ಬರುತ್ತದೆ. ವಿಚಾರಿಸಿದ ಮೇಲೂ ಲಾರಿಯೇ ಅಗ್ಗವೆಂದು ಕಂಡರೆ ಅದನ್ನೂ ಇದೇ ಪುಟದಲ್ಲಿ ಅಂಕಿ ಸಮೇತ ತಿಳಿಸುವೆ.

ಶಂಕರ್‌ನಾಗ್ ಅವರು 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಅರಸಾಳಿನ ಹಳೆಯ ನಿಲ್ದಾಣ ಈಗ ಮ್ಯೂಸಿಯಂ ಆಗಿದೆ. ಮಕ್ಕಳನ್ನು ಕರೆದೊಯ್ದು ತೋರಿಸಿ, ನೋಡತಕ್ಕದ್ದೇ. ಆದರೆ ಉಳಿದ ನಿಲ್ದಾಣಗಳು ನೆನಪಿನ ವಸ್ತುಗಳಾಗದೆ ದುಡಿಯುವಂತಾಗಬೇಕು. ಹೊನ್ನಾವರದ ಮಾರ್ಗಕ್ಕೆ ಘಟ್ಟದ ಕಾಡು ಕಡಿಯಬೇಕು, ಹಲವು ವರ್ಷ ಕಾಯಬೇಕು. ಸಾಗರದ ನಿಲ್ದಾಣಕ್ಕೆ ಚೀಲ ಒಯ್ಯಲು ನಾವು ಮನಸ್ಸು ಮಾಡಿದರೆ ಸಾಕು.