ಸಮ್‌ಇಫ್ ಕೊಟ್ಟಿದ್ದೇ ಲೆಕ್ಕ ಅಲ್ಲ

ರಾಜ್ಯೋತ್ಸವದ ಖರ್ಚು ಅಂದ್ರೆ ಈಗ ಒಂದು ಎಕ್ಸೆಲ್ ಶೀಟು. ಊಟ, ಬ್ಯಾನರ್, ಸೌಂಡ್ ಸಿಸ್ಟಮ್ ಅಂತ ಒಂದು ಕಾಲಮ್, ಪಕ್ಕದಲ್ಲಿ ದುಡ್ಡು, ಕೆಳಗೆ ಸಮ್‌ಇಫ್. ಬಂದ ಮೊತ್ತವನ್ನು ಯಾರೂ ಪ್ರಶ್ನೆ ಮಾಡಲ್ಲ. ಮಾಡಲೇಬೇಕು ಅನ್ನೋದು ನನ್ನ ವಾದ.

ಎರರ್ ತೋರಿಸೋ ಫಾರ್ಮುಲಾನೇ ವಾಸಿ, ಏನೋ ತಪ್ಪಾಗಿದೆ ಅಂತಾದ್ರೂ ಗೊತ್ತಾಗುತ್ತೆ. ಸಮ್‌ಇಫ್ ಹಾಗಲ್ಲ, ಕಡಿಮೆ ಮೊತ್ತ ಕೊಟ್ಟು ಸುಮ್ಮನೆ ಕೂತಿರುತ್ತೆ. ‘ಊಟ’ ಆದ್ಮೇಲೆ ಯಾರಾದ್ರೂ ಒಂದು ಸ್ಪೇಸ್ ಒತ್ತಿದ್ರೆ ಆ ಸಾಲು ಲೆಕ್ಕಕ್ಕೇ ಬರಲ್ಲ. 500 ಬದಲು ‘500 ರೂ’ ಅಂತ ಟೈಪ್ ಮಾಡಿದ್ರೆ ಅದು ಬರೀ ಅಕ್ಷರ, ಕೂಡೋದೇ ಇಲ್ಲ.

ಬಿಟ್ಟುಹೋದ ಆ 500 ಯಾರದ್ದು? ತನ್ನ ಜೇಬಿಂದ ಹಾಕಿದ ಯಾವುದೋ ಜೂನಿಯರ್‌ದು. ಕೇಳೋಕೆ ಅವರಿಗೆ ಸಂಕೋಚ. ಕೇಳಿದ್ರೂ ‘ಶೀಟಲ್ಲಿ ಹೀಗಿದೆ’ ಅಂತ ನಾವು ಬಾಯಿ ಮುಚ್ಚಿಸ್ತೀವಿ.

ಅದಕ್ಕೇ ಲೆಕ್ಕ ಒಪ್ಪಿಸೋ ಮುಂಚೆ ಎರಡು ಪರೀಕ್ಷೆ ಮಾಡಿ. ಮೊದಲು, ದುಡ್ಡಿನ ಸಾಲುಗಳಿಗೆ ಕೌಂಟ್, ಕೌಂಟ್‌ಎ ಎರಡೂ ಹಾಕಿ. ಕೌಂಟ್ ಸಂಖ್ಯೆಗಳನ್ನು ಮಾತ್ರ ಎಣಿಸುತ್ತೆ, ಕೌಂಟ್‌ಎ ತುಂಬಿರೋ ಎಲ್ಲ ಸೆಲ್‌ಗಳನ್ನೂ ಎಣಿಸುತ್ತೆ. ಎರಡೂ ಒಂದೇ ಬರದಿದ್ರೆ ಎಲ್ಲೋ ಸಂಖ್ಯೆ ಅಕ್ಷರವಾಗಿದೆ. ಆಮೇಲೆ, ಎಲ್ಲ ಸಮ್‌ಇಫ್‌ಗಳನ್ನು ಕೂಡಿದ್ರೆ ಇಡೀ ಕಾಲಮ್‌ನ ಮೊತ್ತ ಬರಬೇಕು. ಬರದಿದ್ರೆ ಹೆಸರುಗಳನ್ನು ನೋಡಿ, ಟ್ರಿಮ್ ಹಾಕಿ ಹೆಚ್ಚಿನ ಸ್ಪೇಸ್ ತೆಗೀರಿ. ಫಾರ್ಮುಲಾದ ರೇಂಜ್ ಕೊನೇ ಸಾಲಿನವರೆಗೂ ಇದೆಯಾ ಅಂತಲೂ ನೋಡಿ.

ಐದು ನಿಮಿಷದ ಕೆಲಸ. ಈ ಎರಡು ಸಾಲು ಇಲ್ಲದ ಶೀಟನ್ನು ನಮ್ಮ ಸಂಘ ಒಪ್ಪಲೇಬಾರದು.