ಹಪ್ಪಳದ ಡಬ್ಬಿಗಿಂತ ಮೊದಲು ಕಾಗದದ ಚೀಲ



ಕಳೆದ ವಾರ ನಮ್ಮ ಬೀದಿಯ ಕೊನೆಮನೆಯಾಕೆ ಬಂದಿದ್ದರು. ಕೈಯಲ್ಲಿ ಸಕ್ಕರೆ ಬಟ್ಟಲು, ಮುಖದ ತುಂಬ ಹಿಗ್ಗು. ಮಗಳಿಗೆ ಗಂಡು ಗೊತ್ತಾಗಿದೆ, ಹುಡುಗ ಅಮೆರಿಕದಲ್ಲಿದ್ದಾನೆ. “ಚಟ್ನಿಪುಡಿ ಎಷ್ಟು ದಿನ ಕೆಡದೆ ಇರತ್ತೆ? ಹಪ್ಪಳ ಒಡೆಯದ ಹಾಗೆ ಹೇಗ್ರೀ ಕಟ್ಟೋದು?” ಅಂತ ಒಂದರ ಮೇಲೊಂದು ಪ್ರಶ್ನೆ. ಎಲ್ಲಕ್ಕೂ ತಿಳಿದಷ್ಟು ಉತ್ತರ ಹೇಳಿ, ಕೊನೆಗೆ ನಾನೂ ಒಂದು ಪ್ರಶ್ನೆ ಕೇಳಿದೆ: “ಹುಡುಗ ಅಲ್ಲಿ ಯಾವ ವೀಸಾದ ಮೇಲೆ ಇದ್ದಾನೆ?”

ಆಕೆ ಕಣ್ಣು ಕಣ್ಣು ಬಿಟ್ಟರು. “ಅದೆಲ್ಲ ನಮ್ಮ ಯಜಮಾನರಿಗೆ ಗೊತ್ತಿರಬೇಕು ಕಣ್ರೀ” ಎಂದರು. ಸಂಜೆ ಯಜಮಾನರನ್ನು ಕೇಳಿದರೆ, “ಅದೆಲ್ಲ ಗಂಡಿನ ಕಡೆಯವರು ನೋಡ್ಕೋತಾರೆ” ಎಂದರಂತೆ!

ನನಗೆ ನಗು ಬರಲಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲೂ ಇದೇ ಮಾತು ಆಡಿ, ಇದೇ ಮಾತಿಗೆ ಅತ್ತದ್ದಾಗಿದೆ.

ನನ್ನ ಅಕ್ಕನ ಮಗಳನ್ನು ಅಮೆರಿಕದ ಪೌರನಾಗಿದ್ದ ಕನ್ನಡದ ಹುಡುಗನಿಗೆ ಕೊಟ್ಟೆವು. ಹುಡುಗ ಒಳ್ಳೆಯವನು, ಮನೆತನವೂ ಒಳ್ಳೆಯದು. ಮದುವೆ ಮುಗಿಸಿ ಅವನು ಹೋದ. ಹುಡುಗಿ ಅರಿಶಿನ ಕುಂಕುಮದ ಬಟ್ಟಲು ಹಿಡಿದುಕೊಂಡು ತವರಿನಲ್ಲೇ ಉಳಿದಳು. ಒಂದೂವರೆ ವರ್ಷ! ವೀಸಾ ಬರಲು ಹೇಗೂ ಕಾಯಬೇಕಾಗುತ್ತದೆ, ನಿಜ. ಆದರೆ ಅದರಲ್ಲಿ ಐದು ತಿಂಗಳು ನಮ್ಮ ಕೈಯಾರೆ ಕಳೆದುಕೊಂಡದ್ದು. ಊರಾಟದ ಜನನ ಪತ್ರದಲ್ಲಿ ಮಗುವಿನ ಹೆಸರೇ ಇಲ್ಲ, ಬರೀ “ಹೆಣ್ಣು” ಎಂದಿದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್ ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಎರಡೂ ಬಂದಿವೆ. ಲಗ್ನಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಮುದ್ದು ಹೆಸರು. ಒಬ್ಬಳೇ ಹುಡುಗಿ, ಕಾಗದದಲ್ಲಿ ನಾಲ್ಕು ಜನ! ಇವರೆಲ್ಲ ಒಬ್ಬಳೇ ಎಂದು ಸಾಧಿಸಲು ಅಕ್ಕ ಭಾವ ಅಲೆಯದ ಕಚೇರಿ ಇಲ್ಲ. ದೇವಸ್ಥಾನಕ್ಕೆ ಹೋದರೆ “ಇನ್ನೂ ಕಳಿಸಿಲ್ವೇನ್ರೀ ಮಗಳನ್ನ?” ಎಂಬ ಪ್ರಶ್ನೆ. ಅಕ್ಕ ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗೆ ನಾವು ಕಲಿತದ್ದನ್ನು ನೀವು ಮೊದಲೇ ತಿಳಿದುಕೊಳ್ಳಲಿ ಎಂದು ಈ ಸಲದ ಪುಟ.

ಮೊದಲು ಕೇಳಬೇಕಾದ್ದು

“ಹುಡುಗ ಅಮೆರಿಕದಲ್ಲಿದ್ದಾನೆ” ಎಂದರೆ ಸಾಲದು. ಅಲ್ಲಿ ಅವನ ಸ್ಥಿತಿ ಏನು ಎನ್ನುವುದರ ಮೇಲೆ ನಿಮ್ಮ ಮಗಳು ಎಂದು ಹೋಗುತ್ತಾಳೆ, ಹೇಗೆ ಇರುತ್ತಾಳೆ ಎಂಬುದು ನಿಂತಿದೆ. ಎಚ್-1ಬಿ ಎಂಬ ಕೆಲಸದ ವೀಸಾದವನಾದರೆ ಹೆಂಡತಿಗೆ ಎಚ್-4 ವೀಸಾ. ಇದು ಇದ್ದ ಮಾತ್ರಕ್ಕೆ ಹುಡುಗಿ ಅಲ್ಲಿ ಕೆಲಸಕ್ಕೆ ಸೇರುವಂತಿಲ್ಲ. ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದ ಮೇಲೆ ಬೇರೆ ಪರವಾನಗಿ ಪಡೆಯಬೇಕು. ಎಂಜಿನಿಯರಿಂಗ್ ಓದಿದ ಮಗಳಿಗೆ ಇದನ್ನು ಮೊದಲೇ ಹೇಳಬೇಡವೇ? ಗ್ರೀನ್ ಕಾರ್ಡಿನವನಾದರೆ ಹೆಂಡತಿಗಾಗಿ ಅರ್ಜಿ ಹಾಕಿ ಸರದಿಯಲ್ಲಿ ಕಾಯಬೇಕು. ವರ್ಷಕ್ಕೆ ಇಷ್ಟೇ ಎಂಬ ಮಿತಿ ಅದಕ್ಕುಂಟು. ಅಲ್ಲಿನ ಪೌರನಾದರೆ ಈ ಮಿತಿ ಇಲ್ಲ, ಆದರೆ ಅರ್ಜಿ ಪರಿಶೀಲನೆಗೆ ಹಿಡಿಯುವ ಕಾಲ ಇದ್ದೇ ಇದೆ.

ಪೌರರಿಗೆ ಇನ್ನೊಂದು ದಾರಿಯೂ ಇದೆ. ಕೆ-1 ಎಂಬ ವೀಸಾ, ನಿಶ್ಚಿತಾರ್ಥವಾದ ಹುಡುಗಿಯನ್ನು ಕರೆಸಿಕೊಂಡು ಅಲ್ಲೇ ಮದುವೆಯಾಗುವವರಿಗೆ. ಅರ್ಜಿ ಹಾಕುವ ಮುಂಚಿನ ಎರಡು ವರ್ಷದೊಳಗೆ ಹುಡುಗ ಹುಡುಗಿ ಎದುರುಬದುರು ಭೇಟಿಯಾಗಿರಬೇಕು. ಫೋನಿನಲ್ಲಿ ಮುಖ ನೋಡಿದ್ದು ಸಾಲದು. ಹುಡುಗಿ ಅಲ್ಲಿ ಇಳಿದ 90 ದಿನದೊಳಗೆ ಅದೇ ಹುಡುಗನೊಂದಿಗೆ ಮದುವೆಯಾಗಬೇಕು.

ನಮ್ಮವರು ಎಡವುವುದು ಇಲ್ಲೇ. “ಅಜ್ಜಿ ಇರುವಾಗಲೇ ಒಂದು ಸಣ್ಣ ತಾಳಿಶಾಸ್ತ್ರ ಮಾಡಿಬಿಡೋಣ, ಕಾಗದದ ಮದುವೆ ಅಲ್ಲಿ ಆಗಲಿ” ಅಂತ ಹಿರಿಯರು ಹೊರಡುತ್ತಾರೆ. ಶಾಸ್ತ್ರೋಕ್ತವಾಗಿ ಮದುವೆ ಆಯಿತೆಂದರೆ ಆಕೆ ಹೆಂಡತಿ. ಹೆಂಡತಿಗೆ ಕೆ-1 ವೀಸಾ ಇಲ್ಲ. ಮದುವೆಯ ಫೋಟೋ ಮುಚ್ಚಿಟ್ಟು ಸಂದರ್ಶನದಲ್ಲಿ “ಇನ್ನೂ ಆಗಿಲ್ಲ” ಎಂದರೆ ಅದು ಸುಳ್ಳು, ಮುಂದೆ ಎಂದಿಗೂ ಬಿಡದ ತೊಡಕು. ಆದ್ದರಿಂದ ಯಾವ ದಾರಿ ಎಂದು ಮೊದಲು ತೀರ್ಮಾನಿಸಿ, ಆಮೇಲೆ ಪುರೋಹಿತರ ಹತ್ತಿರ ಹೋಗಿ.

ಬೇರೆ ದೇಶಗಳಿಗೆ ಬೇರೆ ನಿಯಮ. ಬ್ರಿಟನ್ನಿಗೆ ಹೋಗುವ ಹೆಂಡತಿ ಸಾಮಾನ್ಯವಾಗಿ ಇಂಗ್ಲಿಷ್ ಪರೀಕ್ಷೆ ಕಟ್ಟಬೇಕು. ಜರ್ಮನಿಗೆ ಹೋಗುವವಳು ಬಹುಮಟ್ಟಿಗೆ ಜರ್ಮನ್ ಭಾಷೆಯ ಮೊದಲ ಮೆಟ್ಟಿಲಾದ ಎ-1 ಪರೀಕ್ಷೆ ಪಾಸಾಗಬೇಕು. ಗಂಡನ ಕೆಲಸದ ಪರವಾನಗಿ ಯಾವುದು ಎಂಬುದರ ಮೇಲೆ ಕೆಲವರಿಗೆ ವಿನಾಯಿತಿ ಉಂಟು. ಮದುವೆ ಗೊತ್ತಾದ ದಿನದಿಂದಲೇ ಕಲಿಯಲು ಶುರುಮಾಡಿದರೆ ಮದುವೆಯ ಹೊತ್ತಿಗೆ ಪರೀಕ್ಷೆಯೂ ಮುಗಿದಿರುತ್ತದೆ.

ಛತ್ರ ಖಾಲಿಯಾಗುವ ಮುನ್ನ

ಗಂಡಿಗೆ ಸಿಗುವುದು ಮೂರು ವಾರದ ರಜ. ಅದರಲ್ಲಿ ಮದುವೆ, ಆರತಕ್ಷತೆ, ಧರ್ಮಸ್ಥಳ, ತಿರುಪತಿ ಎಲ್ಲ ಆಗಬೇಕು. ನೋಂದಣಿ ಮಾತ್ರ “ಆಮೇಲೆ ನೋಡೋಣ” ಎಂದು ಉಳಿಯುತ್ತದೆ. ಹಾಗೆ ಮಾಡಬೇಡಿ. 2006ರಲ್ಲಿ ಸುಪ್ರೀಂ ಕೋರ್ಟು, ಯಾವ ಧರ್ಮದವರೇ ಆಗಲಿ, ಎಲ್ಲರ ಮದುವೆಯೂ ಕಡ್ಡಾಯವಾಗಿ ನೋಂದಣಿಯಾಗಬೇಕೆಂದು ಹೇಳಿದೆ. ನೋಂದಣಿಯಾಗದ ಮದುವೆ ಮದುವೆಯೇ ಅಲ್ಲ ಅಂತಲ್ಲ. ಆದರೆ ಪರದೇಶದ ಅಧಿಕಾರಿ ನಮ್ಮ ಸಪ್ತಪದಿ ನೋಡಿಲ್ಲ, ಸರ್ಟಿಫಿಕೇಟು ನೋಡುತ್ತಾನೆ.

ಹಿಂದೂ ಮದುವೆಯಾದರೆ 1955ರ ಹಿಂದೂ ವಿವಾಹ ಕಾಯಿದೆಯಂತೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ಲಗ್ನಪತ್ರಿಕೆ, ಮದುವೆಯ ಫೋಟೋ, ಇಬ್ಬರ ವಯಸ್ಸಿನ ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳು ಇವಿಷ್ಟು ಸಿದ್ಧವಿರಲಿ. ಸಾಕ್ಷಿಗಳು ಛತ್ರದಲ್ಲೇ ಸಿಗುತ್ತಾರಲ್ಲ! ಸೋದರಮಾವನನ್ನು ಎರಡು ದಿನ ಹೆಚ್ಚು ನಿಲ್ಲಿಸಿಕೊಳ್ಳಿ. ಫೋಟೋದವರಿಗೂ ಒಂದು ಮಾತು ಹೇಳಿ: ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ, ಎರಡೂ ಕಡೆಯ ತಂದೆತಾಯಿ ಒಟ್ಟಿಗೆ ನಿಂತದ್ದು, ಇವು ಸ್ಪಷ್ಟವಾಗಿ ಬರಬೇಕು. ವೀಸಾ ಸಂದರ್ಶನದಲ್ಲಿ ಇದು ನಿಜವಾದ ಮದುವೆ ಎನ್ನಲು ಇವೇ ಸಾಕ್ಷಿ.

ಹುಡುಗ ಬೇರೆ ಧರ್ಮದವನೋ, ಬೇರೆ ದೇಶದವನೋ ಆಗಿ ಶಾಸ್ತ್ರದ ಮದುವೆಗೆ ಹೊಂದದಿದ್ದರೆ 1954ರ ವಿಶೇಷ ವಿವಾಹ ಕಾಯಿದೆ ಇದೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿದ್ದಿರಬೇಕು. ಆ ಒಬ್ಬರು ನಿಮ್ಮ ಮಗಳೇ ಆಗಬಹುದು. ನೋಟಿಸು ಕೊಟ್ಟು ಆಕ್ಷೇಪಣೆಗೆಂದು 30 ದಿನ ಕಾಯಬೇಕು, ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಮದುವೆಯಾಗಬೇಕು. ಮೂರು ವಾರದ ರಜದಲ್ಲಿ ಇದು ಮುಗಿಯುವ ಕೆಲಸವಲ್ಲ ಎಂದು ಲೆಕ್ಕ ಹಾಕಿದರೇ ತಿಳಿಯುತ್ತದೆ. ಪರದೇಶದಲ್ಲೇ ಮದುವೆಯಾಗುವುದಾದರೆ, ಒಬ್ಬರು ಭಾರತದ ಪೌರರಾಗಿದ್ದರೆ, 1969ರ ವಿದೇಶಿ ವಿವಾಹ ಕಾಯಿದೆಯಡಿ ಅಲ್ಲಿನ ನಮ್ಮ ರಾಯಭಾರ ಕಚೇರಿಯ ವಿವಾಹ ಅಧಿಕಾರಿಯ ಮುಂದೆ ಆಗುವ ದಾರಿಯೂ ಉಂಟು.

ಒಬ್ಬಳಿಗೆ ಒಂದೇ ಹೆಸರು

ಈಗ ನಮ್ಮನ್ನು ಅಳಿಸಿದ ವಿಷಯ. ಇಂದೇ ಮಗಳ ಜನನ ಪತ್ರ, ಮಾರ್ಕ್ಸ್ ಕಾರ್ಡು, ಆಧಾರ್, ಪಾಸ್‌ಪೋರ್ಟು ನಾಲ್ಕನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದಕ್ಷರ ಓದಿ. ಮಗಳ ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು. ಶಾಲೆಗೆ ಸೇರಿಸಲೆಂದು ಮೇಷ್ಟ್ರು ಹಾಕಿದ ಜನ್ಮದಿನವೇ ಬೇರೆ, ಆಸ್ಪತ್ರೆಯ ಜನ್ಮದಿನವೇ ಬೇರೆ ಎಂಬ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ.

ಜನನ ಪತ್ರದಲ್ಲಿ ಹೆಸರು ಇಲ್ಲದಿದ್ದರೆ ಜನನ ನೋಂದಣಿಯಾದ ಕಚೇರಿಯಲ್ಲೇ ಸೇರಿಸಲು ಅರ್ಜಿ ಕೊಡಬೇಕು. ಹುಟ್ಟಿದ್ದು ನೋಂದಣಿಯೇ ಆಗಿಲ್ಲದಿದ್ದರೆ, ಒಂದು ವರ್ಷ ದಾಟಿದ್ದಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಇದಕ್ಕೆಲ್ಲ ತಿಂಗಳುಗಳೇ ಹಿಡಿಯುತ್ತವೆ. ಲಗ್ನಪತ್ರಿಕೆ ಅಚ್ಚಿಗೆ ಕೊಡುವಾಗ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಕೊಡಿ. ಮುದ್ದು ಹೆಸರು ಮನೆಯಲ್ಲಿರಲಿ. ಮದುವೆಯಾದ ಮೇಲೆ ಗಂಡನ ಮನೆಯ ಹೆಸರು ಸೇರಿಸಿಕೊಳ್ಳಲೇಬೇಕೆಂದು ಕಾನೂನು ಹೇಳುವುದಿಲ್ಲ. ಬದಲಿಸುವುದಾದರೆ ಎಲ್ಲ ಕಡೆಯೂ ಬದಲಿಸಿ, ಇಲ್ಲವೇ ಎಲ್ಲೂ ಬೇಡ.

ಕನ್ನಡದಲ್ಲಿರುವ ಪತ್ರಗಳಿಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ನೆಲೆಸಲು ಹೋಗುವವರಿಗೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟು ಬೇಕಾದರೆ ಪಾಸ್‌ಪೋರ್ಟ್ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಕೆಲವು ದೇಶಗಳು “ಅಪಾಸ್ಟೀಲ್” ಎಂಬ ಮುದ್ರೆ ಕೇಳುತ್ತವೆ. ಹೆಸರು ಕೇಳಿ ಹೆದರಬೇಡಿ. ಈ ಪತ್ರದ ಮೇಲಿನ ಸಹಿ, ಮೊಹರು ಅಸಲಿ ಎಂದು ನಮ್ಮ ಸರ್ಕಾರ ಹೇಳುವುದು, ಅಷ್ಟೆ. 2005ರಿಂದ ಭಾರತ ಈ ಒಪ್ಪಂದದಲ್ಲಿದೆ. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ಕೇಂದ್ರದ ವಿದೇಶಾಂಗ ಸಚಿವಾಲಯದ ಮುದ್ರೆ. ಒಪ್ಪಂದಕ್ಕೆ ಸೇರದ ದೇಶವಾದರೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಯಾವ ದೇಶಕ್ಕೆ ಯಾವ ಪತ್ರ ಎಂಬುದನ್ನು ಆ ದೇಶದ ಕಾನ್ಸುಲೇಟಿನ ಸೂಚನೆ ಓದಿಯೇ ನಿರ್ಧರಿಸಿ. ಏಜೆಂಟರ ಬಾಯಿಮಾತು ನಂಬಬೇಡಿ.

ಕೀಲಿ ಯಾರ ಕೈಯಲ್ಲಿ?

ಇನ್ನು ಹೇಳಲು ಮನಸ್ಸು ಒಪ್ಪದ, ಆದರೆ ಹೇಳಲೇಬೇಕಾದ ಮಾತು. ಎಲ್ಲ ಹುಡುಗರೂ ನನ್ನ ಅಕ್ಕನ ಅಳಿಯನಂಥವರಲ್ಲ. ಮದುವೆಯಾಗಿ ಹೋದವನು ಫೋನು ಎತ್ತದೆ ಹೋದದ್ದು, ಅಲ್ಲಿ ಹೋದ ಹುಡುಗಿಯ ಪಾಸ್‌ಪೋರ್ಟು ಅತ್ತೆಯ ಬೀರುವಿನಲ್ಲಿ ಉಳಿದದ್ದು ನಾವು ಕೇಳದ ಸುದ್ದಿಯಲ್ಲ. ಅದಕ್ಕೇ ಗಂಡಿನ ಪಾಸ್‌ಪೋರ್ಟು, ವೀಸಾ, ಕೆಲಸದ ಪತ್ರ, ಅಲ್ಲಿನ ವಿಳಾಸ ಇವುಗಳ ಪ್ರತಿ ಕೇಳಿ. ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಆದೇಶದ ಪ್ರತಿ ಕೇಳಿ. ಜಾತಕ ಕೇಳಲು ಇಲ್ಲದ ಸಂಕೋಚ ಇದಕ್ಕೇಕೆ? ಮರ್ಯಾದಸ್ತರು ಬೇಸರಪಡುವುದಿಲ್ಲ. ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಬರೆದು ಸಹಿ ಹಾಕಿಸಿಡಿ, 1985ರ ನಿಯಮವೇ ಹಾಗೆ ಹೇಳುತ್ತದೆ.

ಮಗಳಿಗೆ ಎರಡು ವಿಷಯ ಬಾಯಿಪಾಠವಾಗಿರಲಿ. ಅಮೆರಿಕದ ಪೌರನ ಹೆಂಡತಿ ಮದುವೆಯಾಗಿ ಎರಡು ವರ್ಷ ತುಂಬುವ ಮೊದಲು ಅಲ್ಲಿ ಹೋದರೆ ಸಿಗುವುದು ಎರಡು ವರ್ಷದ, ಷರತ್ತಿನ ಗ್ರೀನ್ ಕಾರ್ಡು. ಅದು ಮುಗಿಯುವ ಮುಂಚಿನ 90 ದಿನದಲ್ಲಿ ಗಂಡ ಹೆಂಡತಿ ಸೇರಿ ಅರ್ಜಿ ಹಾಕಬೇಕು. ಗಂಡ ಹಿಂಸೆ ಕೊಡುತ್ತಿದ್ದರೆ ಅಥವಾ ಪ್ರಾಮಾಣಿಕವಾಗಿ ಆದ ಮದುವೆ ವಿಚ್ಛೇದನದಲ್ಲಿ ಮುಗಿದಿದ್ದರೆ, ಆಕೆ ಒಬ್ಬಳೇ ಅರ್ಜಿ ಹಾಕಲು ಅವಕಾಶವಿದೆ. “ನನ್ನ ಸಹಿ ಇಲ್ಲದೆ ನೀನಿಲ್ಲ” ಎಂದು ಹೆದರಿಸಿದರೆ ಹೆದರಬೇಕಿಲ್ಲ.

ಎರಡನೆಯದು, ಪರದೇಶದ ಕೋರ್ಟಿನಿಂದ ಕಾಗದ ಬಂದರೆ ಸುಮ್ಮನಿರಲೂ ಬಾರದು, ತಿಳಿಯದೆ ಸಹಿ ಹಾಕಲೂ ಬಾರದು. ಅಂದೇ ವಕೀಲರನ್ನು ಕಾಣಬೇಕು. ಇಲ್ಲಿ ಹಿಂದೂ ಕಾಯಿದೆಯಂತೆ ಆದ ಮದುವೆಯನ್ನು, ಆ ಕಾಯಿದೆಯಲ್ಲಿ ಇಲ್ಲದ ಕಾರಣ ಕೊಟ್ಟು, ಹೆಂಡತಿ ಆ ಕೋರ್ಟಿಗೆ ಒಪ್ಪಿರದಿರುವಾಗ ಮುರಿದರೆ ಅದನ್ನು ನಮ್ಮ ಕೋರ್ಟುಗಳು ಮಾನ್ಯ ಮಾಡಬೇಕಿಲ್ಲವೆಂದು 1991ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ದೂರು ಕೊಡಲು ದೆಹಲಿಯ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಇಂಥ ಮದುವೆಗಳಿಗೆಂದೇ 2009ರಿಂದ ಒಂದು ಘಟಕವಿದೆ. ಅನಿವಾಸಿಗಳ ಜೊತೆಗಿನ ಮದುವೆಗಳ ನೋಂದಣಿ ಕಡ್ಡಾಯವಾಗಲಿ ಎಂದು ಕಾನೂನು ಆಯೋಗವೂ 2024ರಲ್ಲಿ ಸರ್ಕಾರಕ್ಕೆ ಶಿಫಾರಸು ಮಾಡಿತು.

ನಮ್ಮ ಅಕ್ಕನ ಮಗಳು ಕೊನೆಗೂ ಹೋದಳು. ಹೊರಡುವ ಹಿಂದಿನ ರಾತ್ರಿ ಅಕ್ಕ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಒಂದು ಚೀಲ ಹೊಲಿದಳು. ಪಾಸ್‌ಪೋರ್ಟು, ಮದುವೆ ಸರ್ಟಿಫಿಕೇಟು, ಜನನ ಪತ್ರ, ಓದಿನ ಪತ್ರಗಳು ಎಲ್ಲ ಅದರಲ್ಲಿ. ಎಲ್ಲದರ ಇನ್ನೊಂದು ಪ್ರತಿ ತವರಿನ ಬೀರುವಿನಲ್ಲಿ. “ಒಡವೆ ಬೇಕಾದರೆ ಅತ್ತೆ ಕೈಗೆ ಕೊಡು. ಇದನ್ನು ಮಾತ್ರ ನೀನೇ ಇಟ್ಟುಕೋ” ಎಂದಳು. ಹುಡುಗಿ ನಕ್ಕು, “ನಮ್ಮತ್ತೆ ಒಡವೇನೂ ಕೇಳಲ್ಲ ಬಿಡಮ್ಮ” ಎಂದಳು. ಆದರೂ ಚೀಲವನ್ನು ಹೆಗಲಿಗೇ ಹಾಕಿಕೊಂಡು ಹೋದಳು.

ಕೊನೆಮನೆಯಾಕೆಗೆ ಇದೆಲ್ಲ ಹೇಳಿ ಕಳಿಸಿದ್ದೇನೆ. ಮರುದಿನ ಮಗಳನ್ನೇ ಕರೆದುಕೊಂಡು ಬಂದರು, ಜೊತೆಗೆ ನಾಲ್ಕು ಪತ್ರಗಳು. ಓದಿ ನೋಡಿದರೆ ಅಪ್ಪನ ಹೆಸರು ಎರಡು ರೀತಿ ಇದೆ! ಮದುವೆಗೆ ಇನ್ನೂ ಐದು ತಿಂಗಳಿದೆ, ಸರಿಪಡಿಸಲು ಸಮಯವಿದೆ. ಹಪ್ಪಳಕ್ಕೂ ಸಮಯವಿದೆ.

ನಿಮ್ಮ ಮನೆಯಲ್ಲೂ ಇಂಥ ಸಂಬಂಧ ಕೂಡಿಬರುತ್ತಿದ್ದರೆ ಇಂದು ಮಧ್ಯಾಹ್ನವೇ ಆ ಪತ್ರಗಳನ್ನು ತೆಗೆದು ಒಮ್ಮೆ ಓದಿಬಿಡಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.