ಕಂಪ್ಯೂಟರು ಬೇಕು, ನರ್ಸಿನ ಮಾತು ಬೇಡವೇ?

ಒಂಟಿಕೊಪ್ಪಲಿನ ಹೆಸರು ಹೇಳಿದೊಡನೆ ಬಹುಮಂದಿಗೆ ನೆನಪಾಗುವುದು ಪಂಚಾಂಗ. ಅದರ ಹಿಂದಿನ ಗಣಿತ ಎಲ್ಲರಿಗೂ ತಿಳಿಯದು. ಆದರೂ ತಿಥಿ, ನಕ್ಷತ್ರ ಬೇಕಾದಾಗ ಮನೆಯ ಅಜ್ಜಿಯೂ ಪುಟ ತಿರುವಿ ಕಂಡುಕೊಳ್ಳುತ್ತಾರೆ. ಲೆಕ್ಕ ಬಲ್ಲವರು ಓದುವವರನ್ನು ಮರೆತಿಲ್ಲ. ಇದೇ ಬಡಾವಣೆಯ ನಿವಾಸಿಯಾದ ನಾನು ಈಚೆಗೆ ಎದುರಿಸಿದ ಸಂದರ್ಶನದಲ್ಲಿ ಈ ಸರಳ ವಿವೇಕಕ್ಕೆ ಬೆಲೆಯಿರಲಿಲ್ಲ.

ಹದಿನಾಲ್ಕು ವರ್ಷ ವಾರ್ಡುಗಳಲ್ಲಿ ದುಡಿದ ಶುಶ್ರೂಷಕಿ ನಾನು. ಖಾಸಗಿ ಆಸ್ಪತ್ರೆಯೊಂದು ‘ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್’ ಹುದ್ದೆಗೆ ಅರ್ಜಿ ಕರೆದಿತ್ತು. ರೋಗಿಯ ದಾಖಲೆ ಕಾಗದದಿಂದ ಕಂಪ್ಯೂಟರಿಗೆ ಸಾಗುವಾಗ ಏನನ್ನು, ಯಾವಾಗ, ಯಾರು ನಮೂದಿಸಬೇಕೆಂದು ರೂಪಿಸುವ ಕೆಲಸವದು. ಎರಡು ಗಂಟೆ ಕಾಯಿಸಿ ಒಳಗೆ ಕರೆದರು. ಮೂವರು ಸಂದರ್ಶಕರಲ್ಲಿ ಒಬ್ಬರೂ ನರ್ಸ್ ಅಲ್ಲ. ‘ಪ್ರೋಗ್ರಾಂ ಬರೆಯಬಲ್ಲಿರಾ? ಟೈಪಿಂಗ್ ವೇಗವೆಷ್ಟು?’ ಎಂದು ಕೇಳಿದರು. ಪೆನಿಸಿಲಿನ್ ಅಲರ್ಜಿಯ ಎಚ್ಚರಿಕೆ ಔಷಧ ಕೊಡುವಾಗ ತೆರೆಯುವ ಪರದೆಯಲ್ಲೇ ಕಾಣಬೇಕು, ಬೇರೆಲ್ಲೋ ಅಡಗಿರಬಾರದು ಎಂದು ವಿವರಿಸಹೊರಟೆ. ‘ಅದನ್ನೆಲ್ಲ ಕಂಪನಿಯವರು ನೋಡಿಕೊಳ್ಳುತ್ತಾರೆ ಸಿಸ್ಟರ್’ ಎಂದರು. ಕೊನೆಗೆ ಬಂದ ಸೂಚನೆ: ‘ರಾತ್ರಿ ಪಾಳಿಗೆ ಬನ್ನಿ, ಬಿಡುವಾದಾಗ ಕಂಪ್ಯೂಟರ್ ಕೆಲಸ ಮಾಡಿ. ಸಂಬಳ ವಾರ್ಡಿನದೇ.’ ಒಪ್ಪದೆ ಎದ್ದುಬಂದೆ.

ಇದು ನನ್ನೊಬ್ಬಳ ಅಳಲಾಗಿದ್ದರೆ ಬರೆಯುತ್ತಿರಲಿಲ್ಲ. ಸೈನಿಕರ ಸಾವಿನ ಕಾರಣಗಳನ್ನು 1858ರಲ್ಲಿ ರೇಖಾಚಿತ್ರಗಳ ಮೂಲಕ ಆಳುವವರ ಕಣ್ಣಿಗೆ ಕಟ್ಟಿದ ಫ್ಲಾರೆನ್ಸ್ ನೈಟಿಂಗೇಲ್ ಕೂಡ ನರ್ಸೇ. ಅಮೆರಿಕದ ನರ್ಸುಗಳ ಸಂಘ 1992ರಲ್ಲೇ ಈ ಶಾಖೆಗೆ ವಿಶೇಷ ಕ್ಷೇತ್ರದ ಮನ್ನಣೆ ನೀಡಿತು. ನಮ್ಮ ಭಾರತೀಯ ನರ್ಸಿಂಗ್ ಕೌನ್ಸಿಲ್ ಬಿ.ಎಸ್ಸಿ. ಪದವಿಯ 2021ರ ಪರಿಷ್ಕೃತ ಪಠ್ಯಕ್ರಮದಲ್ಲಿ ಇದನ್ನು ಸೇರಿಸಿತು. ಅದೇ ವರ್ಷ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ ದೇಶದಾದ್ಯಂತ ಚಾಲನೆ ದೊರೆಯಿತು. ಓದಿಗೆ ಬಾಗಿಲು ತೆರೆದು, ಆ ಓದಿಗೆ ತಕ್ಕ ಹುದ್ದೆಯನ್ನು ಬಿಡುವಿನ ವೇಳೆಯ ಗುಮಾಸ್ತಿಕೆಗೆ ಇಳಿಸುವುದು ಯಾವ ನ್ಯಾಯ?

ತಂತ್ರಜ್ಞರ ಜ್ಞಾನ ಅನಿವಾರ್ಯ, ನಿಜ. ಸಣ್ಣ ಆಸ್ಪತ್ರೆಗೆ ಪ್ರತ್ಯೇಕ ಹುದ್ದೆ ಹೊರೆಯೆಂಬುದೂ ನಿಜ. ಹಾಗಿದ್ದರೆ ಅನುಭವಿ ನರ್ಸೊಬ್ಬರನ್ನು ವಾರದಲ್ಲಿ ಎರಡು ದಿನವಾದರೂ ವಾರ್ಡಿನಿಂದ ಬಿಡುಗಡೆ ಮಾಡಿ ಈ ಹೊಣೆ ವಹಿಸಲಿ. ಜಾಹೀರಾತಿನಲ್ಲಿ ಕೆಲಸ, ಸಂಬಳ ಸ್ಪಷ್ಟವಿರಲಿ. ಆಯ್ಕೆ ಸಮಿತಿಯಲ್ಲಿ ಹಿರಿಯ ನರ್ಸೊಬ್ಬರಿರಲಿ.

ತಪ್ಪು ಪರದೆಯ ಫಲ ಉಣ್ಣುವವರು ಅದನ್ನು ಮಾರಿದವರಲ್ಲ, ಕೊಂಡವರೂ ಅಲ್ಲ. ನಡುರಾತ್ರಿ ಸಿರಿಂಜು ಹಿಡಿದು ನಿಂತ ನರ್ಸ್ ಮತ್ತು ಆಕೆಯನ್ನು ನಂಬಿ ತೋಳು ಚಾಚಿದ ರೋಗಿ.